ಒಂಟಿ ಆಟಗಾರನೂ ಬ್ರಿಜ್ ಸ್ಪರ್ಧೆಯೂ

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಗಂಟುಬಿದ್ದಾಗ, "ನನಗೆ ಕವಿತೆ ಬರುವುದಿಲ್ಲ, ಕಥೆಯೂ ಬರುವುದಿಲ್ಲ, ಬರುವುದು ಇಸ್ಪೀಟು ಒಂದೇ" ಎಂದು ತಪ್ಪಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. "ಹಾಗಾದರೆ ಅದನ್ನೇ ಬರಿ ಮಾರಾಯ. ಆದರೆ ಓದಿದವನಿಗೆ ಏನಾದರೂ ತಿಳಿಯಬೇಕು" ಎಂದರು. ಆದ್ದರಿಂದ ಇದು ಬ್ರಿಜ್ ಎಂಬ ಆಟದ ವಿಷಯ. ಯಾರ ಪರಿಚಯವೂ ಇಲ್ಲದ ಒಬ್ಬ ಹೊಸಬ ಅದರ ಸ್ಪರ್ಧೆಗಳೊಳಗೆ ಹೇಗೆ ಕಾಲಿಡಬಹುದು, ಅರ್ಹತಾ ಸುತ್ತಿನ ಲೆಕ್ಕ ಹೇಗೆ, ಒಬ್ಬನೇ ಕೂತು ಕಲಿತದ್ದು ಎಲ್ಲಿಯವರೆಗೆ ಕೈಹಿಡಿಯುತ್ತದೆ ಎಂಬುದನ್ನು ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಾನು ಚಾಂಪಿಯನ್ ಅಲ್ಲ. ಆದರೆ ಒಂಟಿಯಾಗಿ ಬಾಗಿಲ ಹೊರಗೆ ನಿಂತದ್ದು ನೆನಪಿದೆ. ಆ ನೆನಪು ಚಾಂಪಿಯನ್ನರಿಗೆ ಇರಲಿಕ್ಕಿಲ್ಲ.

ಮೊದಲು ಅಪ್ಪನ ಪ್ರಶ್ನೆ

ಇಸ್ಪೀಟು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಚೀಲದಲ್ಲಿ ಎಲೆಗಳ ಕಟ್ಟು ಸಿಕ್ಕಿದ ದಿನ ಅಪ್ಪ "ಇಸ್ಪೀಟು ಆಡ್ಲಿಕ್ಕೆ ನಿನ್ನನ್ನು ಕಾಲೇಜಿಗೆ ಕಳಿಸಿದ್ದಾ?" ಎಂದರು. ಅಮ್ಮ ಧರ್ಮರಾಯನ ಕಥೆಯನ್ನು ಮೊದಲಿನಿಂದ ಶುರುಮಾಡಿದರು.

ನಾನು ಕಾಮರ್ಸ್ ವಿದ್ಯಾರ್ಥಿ. ಕಾಯಿದೆಯ ಮೊರೆಹೊಕ್ಕೆ. 1872ರ ಕರಾರು ಕಾಯಿದೆಯ 30ನೆಯ ಕಲಮು ಪಣ ಕಟ್ಟುವ ಕರಾರಿಗೆ ಬೆಲೆಯಿಲ್ಲ ಎನ್ನುತ್ತದೆ. ಅದು ಹೇಳುವುದು ಪಣದ ವಿಷಯ, ಎಲೆಗಳ ವಿಷಯ ಅಲ್ಲ. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ರಮ್ಮಿ ಮುಖ್ಯವಾಗಿ ಕೌಶಲದ ಆಟ, ಅದರಲ್ಲಿರುವ ಅದೃಷ್ಟದ ಅಂಶ ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದೇ ಎಂದು ಕೋರ್ಟು ಹೇಳಿತು. ಅಂದರೆ ಬ್ರಿಜ್ ಕೌಶಲದ ಆಟವೋ ಅಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ರಮ್ಮಿಯನ್ನು ಅಳೆದರು. 2025ರಲ್ಲಿ ಸಂಸತ್ತು ಮಾಡಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲವಿರಲಿ ಅದೃಷ್ಟವಿರಲಿ, ನಿಷೇಧಿಸಿತು. ಅಲ್ಲಿಯೂ ಕಣ್ಣಿರುವುದು ಹಣದ ಮೇಲೆಯೇ.

ಇಷ್ಟೆಲ್ಲ ಕೇಳಿ ಅಪ್ಪ ಒಂದೇ ಮಾತು ಕೇಳಿದರು: "ದುಡ್ಡು ಕಟ್ಲಿಕ್ಕುಂಟಾ?"

"ಪ್ರವೇಶ ಶುಲ್ಕ ಉಂಟು, ಕ್ರಿಕೆಟ್ ಟೂರ್ನಮೆಂಟಿಗೆ ಕಟ್ಟಿದ ಹಾಗೆ. ಎಲೆಯ ಮೇಲೆ ದುಡ್ಡು ಇಲ್ಲ."

"ಹಾಗಾದರೆ ಪರೀಕ್ಷೆ ಮುಗಿದ ಮೇಲೆ ಆಡು." ಅಷ್ಟರಲ್ಲಿ ಕೇಸು ಖುಲಾಸೆಯಾಯಿತು.

ಆಟದ ಹುರುಳು

ಐವತ್ತೆರಡು ಎಲೆ, ನಾಲ್ವರು ಆಟಗಾರರು. ಎದುರುಬದುರು ಕೂತವರು ಜೊತೆಗಾರರು. ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಅದು ಒಂದು ಟ್ರಿಕ್ಕು. ಹೀಗೆ ಒಟ್ಟು ಹದಿಮೂರು ಟ್ರಿಕ್ಕು. ಇಪ್ಪತ್ತೆಂಟು ಆಡಿ ಗೊತ್ತಿದ್ದವರಿಗೆ ಇಲ್ಲಿಯವರೆಗೆ ಹೊಸತೇನೂ ಇಲ್ಲ.

ಆಟಕ್ಕೆ ಮೊದಲು ಹರಾಜು ನಡೆಯುತ್ತದೆ. ಯಾವ ಬಣ್ಣ ತುರುಪು, ಎಷ್ಟು ಟ್ರಿಕ್ಕು ಮಾಡುತ್ತೇವೆ ಎಂದು ಎರಡು ಪಕ್ಷದವರೂ ಏರಿಸುತ್ತ ಹೋಗುತ್ತಾರೆ. ಮೊದಲ ಆರು ಟ್ರಿಕ್ಕು ಲೆಕ್ಕಕ್ಕಿಲ್ಲ. 'ಒಂದು ಇಸ್ಪೀಟು' ಎಂದರೆ ಇಸ್ಪೀಟು ತುರುಪಾಗಿ ಏಳು ಟ್ರಿಕ್ಕು, 'ನಾಲ್ಕು ಇಸ್ಪೀಟು' ಎಂದರೆ ಹತ್ತು. ಕೊನೆಯ ಕೂಗು ಯಾರದೋ ಆ ಪಕ್ಷಕ್ಕೆ ಅದೇ ಕರಾರು. ಹೇಳಿದಷ್ಟು ಮಾಡಿದರೆ ಅಂಕ, ಮಾಡದಿದ್ದರೆ ದಂಡ. ಕರಾರು ಹಿಡಿದವನ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ಅವನಿಗೆ 'ಡಮ್ಮಿ' ಎಂದು ಹೆಸರು. ಕಾಂಟ್ರ್ಯಾಕ್ಟ್ ಬ್ರಿಜ್ ಎಂದು ಈಗ ನಾವು ಕರೆಯುವ ಆಟದ ಅಂಕಪದ್ಧತಿಯನ್ನು ರೂಪಿಸಿದವನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್, 1925ರಲ್ಲಿ ಒಂದು ಹಡಗಿನ ಪ್ರವಾಸದಲ್ಲಿ.

ಕೈಗೆ ಬಂದ ಎಲೆಗಳ ಬೆಲೆ ಕಟ್ಟಲು ಸುಲಭ ಲೆಕ್ಕವಿದೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40. ಜೊತೆಗಾರರಿಬ್ಬರ ನಡುವೆ 25ರಷ್ಟು ಇದ್ದರೆ 'ಗೇಮ್' ಎಂಬ ದೊಡ್ಡ ಬಹುಮಾನದ ಕರಾರಿಗೆ ಕೈಹಾಕಬಹುದು. ಆದರೆ ನಿನ್ನ ಹದಿನಾಲ್ಕು ನಿನಗೆ ಗೊತ್ತು, ಅವನ ಹನ್ನೊಂದು ಅವನಿಗೆ ಗೊತ್ತು. ಒಬ್ಬರದು ಇನ್ನೊಬ್ಬರಿಗೆ ತಿಳಿಯುವ ದಾರಿ ಆ ಹರಾಜು ಒಂದೇ.

ಇನ್ನು ಅದೃಷ್ಟ. ಒಬ್ಬನಿಗೆ ಬರಬಹುದಾದ ಹದಿಮೂರು ಎಲೆಗಳ ಕೈಗಳು 63,501 ಕೋಟಿಗೂ ಹೆಚ್ಚು ಬಗೆಯವು. ಹಾಗಿದ್ದಮೇಲೆ ಒಳ್ಳೆಯ ಎಲೆ ಬಂದವನೇ ಗೆಲ್ಲುವುದಲ್ಲವೇ ಎಂದು ಕೇಳಬಹುದು. ಸ್ಪರ್ಧೆಗಳಲ್ಲಿ ಹಾಗಾಗದಂತೆ ಒಂದು ಉಪಾಯವಿದೆ. ಹಂಚಿದ ಎಲೆಗಳನ್ನು ಕಲಸಿಬಿಡುವುದಿಲ್ಲ. ನಾಲ್ಕು ಕಿಸೆಯಿರುವ ಒಂದು ಹಲಗೆಯಲ್ಲಿ, ಅದಕ್ಕೆ ಬೋರ್ಡು ಎನ್ನುತ್ತಾರೆ, ಹಾಗೆಯೇ ಇಟ್ಟು ಮುಂದಿನ ಮೇಜಿಗೆ ಕಳಿಸುತ್ತಾರೆ. ಅದೇ ಎಲೆಗಳನ್ನು ಎಲ್ಲ ಮೇಜಿನವರೂ ಆಡುತ್ತಾರೆ. ನನ್ನ ಹೋಲಿಕೆ ನನ್ನೆದುರು ಕೂತವನ ಜೊತೆಗಲ್ಲ, ಬೇರೆ ಮೇಜಿನಲ್ಲಿ ನನ್ನದೇ ಎಲೆಗಳನ್ನು ಹಿಡಿದವನ ಜೊತೆಗೆ. ಒಂದೇ ಪ್ರಶ್ನೆಪತ್ರಿಕೆ, ಎಲ್ಲರಿಗೂ.

ಹದಿನೈದು ಶಬ್ದಗಳು

ನಾನು ಹತ್ತನೆಯ ತರಗತಿಯವರೆಗೆ ಮುಂಬಯಿಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವನು. ನಮ್ಮ ಸಂಘದಲ್ಲಿ ನನ್ನಂಥವರು ಬಹಳ ಮಂದಿ ಇದ್ದೀರಿ, ಆದ್ದರಿಂದ ಇದು ನಿಮಗೂ ಆದ ಅನುಭವ. ಕಾಲೇಜಿನ ಮೊದಲ ವರ್ಷ ಪ್ರಾಧ್ಯಾಪಕರು ಏನಾದರೂ ಕೇಳಿದರೆ ಉತ್ತರ ಗೊತ್ತಿರುತ್ತಿತ್ತು. ಅದಕ್ಕೆ ಇಂಗ್ಲಿಷಿನ ಅಂಗಿ ತೊಡಿಸುವಷ್ಟರಲ್ಲಿ ಬೇರೊಬ್ಬ ಎದ್ದು ಹೇಳಿ ಕೂತಿರುತ್ತಿದ್ದ. ಕ್ರಮೇಣ ಕೊನೆಯ ಬೆಂಚು ಖಾಯಂ ಆಯಿತು.

ಬ್ರಿಜ್‌ನ ಹರಾಜಿನಲ್ಲಿ ಇರುವುದು ಹದಿನೈದೇ ಶಬ್ದ. ಒಂದರಿಂದ ಏಳರವರೆಗಿನ ಅಂಕಿಗಳು. ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್, ನೋಟ್ರಂಪ್ ಎಂಬ ಐದು. ಮನೆಯಲ್ಲಾದರೆ ಮೊದಲಿನ ನಾಲ್ಕು ಕಳಾವರು, ಡೈಮಂಡು, ಆಟೀನು, ಇಸ್ಪೀಟು. ಕೊನೆಗೆ ಪಾಸ್, ಡಬಲ್, ರಿಡಬಲ್. ಇವುಗಳಿಂದ ಆಗುವ ಕೂಗುಗಳು ಒಟ್ಟು 38. ಹದಿನಾರನೆಯ ಶಬ್ದವನ್ನು ಎಷ್ಟು ದೊಡ್ಡ ಆಟಗಾರನೂ ಬಳಸುವ ಹಾಗಿಲ್ಲ. ಕಾನ್ವೆಂಟಿನಲ್ಲಿ ಓದಿದವನಿಗೂ ಹದಿನೈದು, ನನಗೂ ಹದಿನೈದು.

ಈ ಹದಿನೈದರಲ್ಲೇ ಎಷ್ಟೊಂದು ಹೇಳುತ್ತಾರೆ ನೋಡಿ. ಜೊತೆಗಾರ 'ಒಂದು ನೋಟ್ರಂಪ್' ಎಂದರೆ, ಹೆಚ್ಚಿನವರ ಒಪ್ಪಂದದಂತೆ, "ನನ್ನಲ್ಲಿ 15ರಿಂದ 17 ಅಂಕ ಇವೆ, ನಾಲ್ಕು ಬಣ್ಣವೂ ಸರಿಸುಮಾರು ಸಮವಾಗಿ ಹಂಚಿವೆ" ಎಂದು ಅರ್ಥ. ಅದಕ್ಕೆ ನಾನು 'ಎರಡು ಕ್ಲಬ್' ಎಂದರೆ ನನ್ನ ಹತ್ತಿರ ಕಳಾವರು ಇದೆ ಎಂದಲ್ಲ, "ಆಟೀನಿನಲ್ಲೋ ಇಸ್ಪೀಟಿನಲ್ಲೋ ನಿನ್ನ ಹತ್ತಿರ ನಾಲ್ಕು ಎಲೆ ಇವೆಯಾ?" ಎಂಬ ಪ್ರಶ್ನೆ. ಇದಕ್ಕೆ ಸ್ಟೇಮನ್ ಎಂದು ಹೆಸರು. ಬ್ಲ್ಯಾಕ್‌ವುಡ್ ಎಂಬ ಇನ್ನೊಂದರಲ್ಲಿ 'ನಾಲ್ಕು ನೋಟ್ರಂಪ್' ಎಂದು ಕೇಳಿ ಎಕ್ಕಗಳೆಷ್ಟು ಎಂದು ತಿಳಿದುಕೊಳ್ಳುತ್ತಾರೆ. 'ಐದು ಡೈಮಂಡ್' ಎಂದು ಉತ್ತರ ಬಂದರೆ ಎಕ್ಕ ಒಂದು, 'ಐದು ಹಾರ್ಟ್' ಎಂದರೆ ಎರಡು.

ಇದು ಕಳ್ಳಸನ್ನೆ ಅಲ್ಲ. ನಮ್ಮ ಒಪ್ಪಂದಗಳನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದು ಮೇಜಿನ ಮೇಲಿಡಬೇಕು. ಎದುರಾಳಿ ಕೇಳಿದರೆ ಅರ್ಥ ಹೇಳಬೇಕು. ಈಗಂತೂ ಸ್ಪರ್ಧೆಗಳಲ್ಲಿ ಬಾಯಿಬಿಟ್ಟು ಕೂಗುವುದೇ ಇಲ್ಲ. ಪ್ರತಿಯೊಬ್ಬನ ಪಕ್ಕ ಒಂದು ಪೆಟ್ಟಿಗೆ, ಅದರಲ್ಲಿ ಕೂಗುಗಳ ಚೀಟಿಗಳು. ಬೇಕಾದ್ದನ್ನು ಎತ್ತಿ ಮುಂದಿಡುವುದು. ಧ್ವನಿಯ ಏರಿಳಿತದಿಂದ ಜೊತೆಗಾರನಿಗೆ ಸುಳಿವು ಸಿಗಬಾರದೆಂದು ಈ ಏರ್ಪಾಟು. ನನ್ನ ಉಚ್ಚಾರವೂ ಯಾರಿಗೂ ಕೇಳಿಸದಂತಾಯಿತು. ಇದು ನನಗೆ ಸಿಕ್ಕಿದ ಲಾಭ.

ಒಬ್ಬನೇ ಕಲಿತದ್ದು

ಎಂಟು ತಿಂಗಳು ನಾನು ಒಬ್ಬನೇ ಕಲಿತೆ. ಲೈಬ್ರರಿಯಲ್ಲಿ ಸಿಕ್ಕಿದ ಒಂದು ಹಳೆಯ ಪುಸ್ತಕ, ಮತ್ತೆ ಮೊಬೈಲಿನಲ್ಲಿ ಬ್ರಿಜ್ ಬೇಸ್ ಆನ್‌ಲೈನ್. ಅಲ್ಲಿ ಜೊತೆಗಾರ ಇಲ್ಲದಿದ್ದರೆ ಚಿಂತೆಯಿಲ್ಲ, ಉಳಿದ ಮೂರು ಜಾಗದಲ್ಲಿ ರೋಬಾಟುಗಳು ಕೂರುತ್ತವೆ. ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅಡುಗೆಕೋಣೆಯಲ್ಲಿ ಕೂತು ಆಡುತ್ತಿದ್ದೆ.

ಒಬ್ಬನೇ ಕಲಿಯಬಹುದಾದದ್ದು ಬಹಳ ಇದೆ, ಅದನ್ನು ಕೀಳುಗಟ್ಟುವುದಿಲ್ಲ. ಮುಖ್ಯವಾಗಿ ಸಂಭವನೀಯತೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಬರುವ ಅದೇ ಪರ್ಮ್ಯುಟೇಶನ್ ಕಾಂಬಿನೇಶನ್. ಎದುರಾಳಿಗಳಿಬ್ಬರ ಕೈಯಲ್ಲಿ ಒಟ್ಟು ಐದು ತುರುಪು ಎಲೆಗಳಿದ್ದರೆ ಅವು 3–2 ಆಗಿ ಹಂಚಿರುವ ಸಂಭವ ನೂರಕ್ಕೆ 68, 4–1 ಆಗಿರುವುದು 28, ಐದೂ ಒಬ್ಬನಲ್ಲೇ ಇರುವುದು 4. ನಾಲ್ಕು ಎಲೆ ಹೊರಗಿದ್ದರೆ? ಎರಡೆರಡಾಗಿ ಇರುವುದೇ ಹೆಚ್ಚು ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಗಿಲ್ಲ. 3–1 ಆಗಿರುವುದು ಸುಮಾರು 50, 2–2 ಸುಮಾರು 40, ಉಳಿದ 10 ರಲ್ಲಿ ನಾಲ್ಕೂ ಒಂದೇ ಕಡೆ. ಇಂಥವನ್ನು ಬಾಯಿಪಾಠ ಮಾಡಲು ಗುರುವೂ ಬೇಡ ಗೆಳೆಯನೂ ಬೇಡ.

ಆದರೆ ರೋಬಾಟುಗಳು ನನಗೆ ಎರಡು ಕೆಟ್ಟ ಅಭ್ಯಾಸ ಕಲಿಸಿದ್ದವು. ಅದು ಗೊತ್ತಾದದ್ದು ಬಹಳ ತಡವಾಗಿ. ಒಂದನೆಯದು: ಅಲ್ಲಿನ ಅನೇಕ ರೋಬಾಟ್ ಸ್ಪರ್ಧೆಗಳಲ್ಲಿ ನಾಲ್ಕರಲ್ಲಿ ಅತಿ ಹೆಚ್ಚು ಅಂಕದ ಕೈಯನ್ನು ಮನುಷ್ಯನಿಗೇ ಕೊಡುತ್ತಾರೆ, ಅವನಿಗೆ ಬೇಸರವಾಗದಿರಲೆಂದು. ಹೀಗಾಗಿ ಕರಾರು ಹಿಡಿಯುವುದು ಪ್ರತಿ ಸಲವೂ ನಾನೇ ಎಂಬಂತಾಗಿತ್ತು. ನಿಜವಾದ ಮೇಜಿನಲ್ಲಿ ಅಷ್ಟು ದಾಕ್ಷಿಣ್ಯ ಯಾರಿಗೂ ಇಲ್ಲ. ಸರಾಸರಿ ನಾಲ್ಕರಲ್ಲಿ ಒಂದು ಸಲ ಕರಾರು ನನ್ನದು, ಒಂದು ಸಲ ನಾನು ಡಮ್ಮಿ, ಎರಡು ಸಲ ಎದುರಾಳಿಯ ಕರಾರನ್ನು ಮುರಿಯುವ ಕೆಲಸ. ಬಡವ ಕೈ ಹಿಡಿದು, ಬಾಯಿಮುಚ್ಚಿ, ಜೊತೆಗಾರ ಇಳಿಸಿದ ಒಂದೊಂದು ಎಲೆಯ ಅರ್ಥ ಹುಡುಕುತ್ತ ಕೂರುವುದು. ಅದನ್ನು ನಾನು ಕಲಿತೇ ಇರಲಿಲ್ಲ. ಎರಡನೆಯ ಅಭ್ಯಾಸದ ಕಥೆ ಮುಂದೆ ಬರುತ್ತದೆ.

'ಪಾರ್ಟ್ನರ್ ಎಲ್ಲಿ?'

ಚದುರಂಗಕ್ಕಾದರೆ ಒಬ್ಬನೇ ಹೋಗಿ ಹೆಸರು ಕೊಡಬಹುದು. ಬ್ರಿಜ್‌ಗೆ ಆಗುವುದಿಲ್ಲ. ನಾನು ಮೊದಲ ಸಲ ಉಪನಗರದ ಒಂದು ಕ್ಲಬ್ಬಿಗೆ ಹೋದಾಗ ಮೇಜಿನ ಹಿಂದೆ ಕೂತವರು ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಪಾರ್ಟ್ನರ್ ಎಲ್ಲಿ?" ಇಲ್ಲ ಎಂದೆ. "ಕರೆದುಕೊಂಡು ಬಾ" ಎಂದರು. ಎಲ್ಲಿಂದ ಕರೆತರಬೇಕು ಎಂದು ಕೇಳುವಷ್ಟು ಧೈರ್ಯವೂ ಇಂಗ್ಲಿಷೂ ನನ್ನಲ್ಲಿರಲಿಲ್ಲ. ಹಾಗೇ ಹಿಂದೆ ಬಂದು ಲೋಕಲ್ ಹತ್ತಿದೆ.

ಎರಡನೆಯ ಸಲ ಬೇರೊಂದು ಜಾಗಕ್ಕೆ ಹೋಗಿ, ಆಡುವುದಿಲ್ಲ, ನೋಡುತ್ತೇನೆ ಎಂದೆ. ಇದು ನಾನು ಮಾಡಿದ ಬುದ್ಧಿವಂತ ಕೆಲಸ. ಬ್ರಿಜ್‌ನಲ್ಲಿ ನೋಡುವವನಿಗೆ ಒಂದು ಮರ್ಯಾದೆಯಿದೆ. ಒಬ್ಬ ಆಟಗಾರನ ಹಿಂದೆ, ಅವನ ಅಪ್ಪಣೆ ಕೇಳಿ, ಕುರ್ಚಿ ಹಾಕಿಕೊಂಡು ಕೂರಬಹುದು. ಮಾತಾಡಬಾರದು, ಮುಖದಲ್ಲಿ ಏನೂ ತೋರಿಸಬಾರದು, ಅಷ್ಟೇ. ಮೂರು ಬುಧವಾರ ಹಾಗೆ ಕೂತೆ. ನಾಲ್ಕನೆಯ ಬುಧವಾರ ಯಾರೋ ಬರಲಿಲ್ಲ. ಆಟ ನಡೆಸುವ ಡೈರೆಕ್ಟರ್ ಸುತ್ತ ನೋಡಿ "ಆ ಸುಮ್ಮನೆ ಕೂರುವ ಹುಡುಗನನ್ನು ಕೂರಿಸಿ" ಎಂದರು.

ಹೀಗೆ ಸಿಕ್ಕಿದವರು ಕಾಕಾ. ರೈಲ್ವೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಮಹಾರಾಷ್ಟ್ರದವರು. ಬಹಳ ವರ್ಷ ಜೊತೆಗೆ ಆಡಿದ ಅವರ ಪಾರ್ಟ್ನರ್ ನಾಸಿಕದಲ್ಲಿ ಮಗನ ಮನೆಗೆ ಹೋಗಿ ನೆಲೆಸಿಬಿಟ್ಟಿದ್ದರು. ಅಂದರೆ ಇವರೂ ಒಂಟಿಯೇ. ಹೊಸಬನೊಬ್ಬನೇ ಒಂಟಿ ಎಂದು ನಾನು ತಿಳಿದಿದ್ದೆ. ಹಳಬರೂ ಒಂಟಿಯಾಗುತ್ತಾರೆ, ಅವರೂ ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆ.

ನಾನು ಪುಸ್ತಕದಲ್ಲಿ ಓದಿದ ಹನ್ನೆರಡು ಹದಿಮೂರು ಒಪ್ಪಂದಗಳ ಪಟ್ಟಿ ಒಪ್ಪಿಸಿದಾಗ ಕಾಕಾ ನಕ್ಕು, ಮರಾಠಿಯಲ್ಲಿ, "ನಾಲ್ಕು ಸಾಕು. ಇಬ್ಬರಿಗೂ ನೆನಪಿರುವ ನಾಲ್ಕು, ಒಬ್ಬನಿಗೆ ನೆನಪಿರುವ ಹದಿಮೂರಕ್ಕಿಂತ ಮೇಲು" ಎಂದರು.

ಅರ್ಹತಾ ಸುತ್ತಿನ ಲೆಕ್ಕ

ಬ್ರಿಜ್‌ನ ಒಂದು ಸೌಜನ್ಯ ಏನೆಂದರೆ ಹೆಚ್ಚಿನ ಸ್ಪರ್ಧೆಗಳ ಬಾಗಿಲು ತೆರೆದೇ ಇರುತ್ತದೆ. ಶುಲ್ಕ ಕಟ್ಟಿದ ಜೋಡಿ ಆಡಬಹುದು. ಅರ್ಹತೆಯ ಪರೀಕ್ಷೆ ನಡೆಯುವುದು ಒಳಗೆ ಹೋದ ಮೇಲೆ. ಮೊದಲ ಒಂದೋ ಎರಡೋ ಸುತ್ತು ಎಲ್ಲರೂ ಆಡುತ್ತಾರೆ, ಮೇಲಿನ ಇಷ್ಟು ಜೋಡಿ ಫೈನಲಿಗೆ, ಉಳಿದವರು ಮನೆಗೆ ಅಥವಾ ಸಮಾಧಾನದ ಆಟಕ್ಕೆ. ಹೆಸರಾಂತ ಆಟಗಾರರ ಎದುರು ನಿನ್ನೆ ಬಂದವನೂ ಎರಡು ಬೋರ್ಡು ಆಡುತ್ತಾನೆ.

ಜೋಡಿಗಳ ಸ್ಪರ್ಧೆಯಲ್ಲಿ ಅಂಕ ಕೊಡುವ ಕ್ರಮಕ್ಕೆ ಮ್ಯಾಚ್‌ಪಾಯಿಂಟ್ ಎನ್ನುತ್ತಾರೆ. ನಮ್ಮ ಹಾಗೆಯೇ ಅದೇ ಎಲೆಗಳನ್ನು ಆಡಿದ ಇತರ ಜೋಡಿಗಳಲ್ಲಿ ಯಾರಿಗಿಂತ ಹೆಚ್ಚು ಮಾಡಿದೆವೋ ಅವರಿಂದ 2, ಯಾರ ಸಮ ಮಾಡಿದೆವೋ ಅವರಿಂದ 1. ಉದಾಹರಣೆಗೆ ಎಂಟು ಮೇಜು ಎನ್ನಿ. ಒಂದು ಬೋರ್ಡಿನಲ್ಲಿ ಒಂದು ಜೋಡಿ ಮೂರು ನೋಟ್ರಂಪ್ ಹಿಡಿದು ಹತ್ತು ಟ್ರಿಕ್ಕು ಮಾಡಿ 430 ಪಡೆಯಿತು. ಮೂರು ಜೋಡಿ ನಾಲ್ಕು ಇಸ್ಪೀಟು ಹಿಡಿದು ಅದೇ ಹತ್ತು ಟ್ರಿಕ್ಕು ಮಾಡಿ 420 ಪಡೆದವು. ಎರಡು ಜೋಡಿ ಹೆದರಿ ಕೆಳಗೇ ನಿಂತು 170. ಉಳಿದೆರಡು ಕರಾರು ಮುರಿದು 50 ಕಳೆದುಕೊಂಡವು. ಆಗ 430ಕ್ಕೆ ಪೂರ್ತಿ 14, 420ಕ್ಕೆ ತಲಾ 10, 170ಕ್ಕೆ ತಲಾ 5, ಮುರಿದವರಿಗೆ ತಲಾ 1. ಕೂಡಿಸಿ ನೋಡಿ, 56 ಬರುತ್ತದೆ, ತಾಳೆಪಟ್ಟಿ ಸರಿಹೋಯಿತು. ಬರೇ ಹತ್ತು ಅಂಕದ ವ್ಯತ್ಯಾಸಕ್ಕೆ 14 ಮತ್ತು 10ರ ಅಂತರ! ಜೋಡಿ ಸ್ಪರ್ಧೆಯಲ್ಲಿ ಚಿಲ್ಲರೆಗೂ ಬೆಲೆಯಿದೆ.

ತಂಡಗಳ ಸ್ಪರ್ಧೆಯಲ್ಲಿ ಹಾಗಲ್ಲ. ಅಲ್ಲಿ ನಮ್ಮ ಇಬ್ಬರು ಒಂದು ಮೇಜಿನಲ್ಲಿ, ಇನ್ನಿಬ್ಬರು ಇನ್ನೊಂದು ಮೇಜಿನಲ್ಲಿ ಅದೇ ಎಲೆಗಳನ್ನು ತಿರುಗುಮುರುಗಾಗಿ ಆಡುತ್ತಾರೆ. ವ್ಯತ್ಯಾಸವನ್ನು ಐ.ಎಂ.ಪಿ. ಎಂಬ ಕೋಷ್ಟಕದಿಂದ ಇಳಿಸುತ್ತಾರೆ. 430 ಮತ್ತು 420ರ ನಡುವಿನ ಹತ್ತಕ್ಕೆ ಅಲ್ಲಿ ಸೊನ್ನೆ. 420 ಮತ್ತು 170ರ ನಡುವಿನ 250ಕ್ಕೆ 6. ಅಲ್ಲಿ ಚಿಲ್ಲರೆ ಬಿಟ್ಟು ನೋಟು ಕಾಯಬೇಕು. ಹೊಸಬ ತಾನು ಆಡುತ್ತಿರುವುದು ಯಾವ ಲೆಕ್ಕದಲ್ಲಿ ಎಂದು ಮೊದಲೇ ತಿಳಿದಿರಬೇಕು. ನಾನು ರೋಬಾಟುಗಳ ಜೊತೆ ಇದನ್ನು ಗಮನಿಸದೆಯೇ ತಿಂಗಳುಗಟ್ಟಲೆ ಆಡಿದ್ದೆ.

ಜೋಡಿ ಸ್ಪರ್ಧೆಯಲ್ಲಿ ಎಲ್ಲ ಬೋರ್ಡುಗಳ ಅಂಕ ಕೂಡಿಸಿ ಶೇಕಡಾವಾರು ಮಾಡುತ್ತಾರೆ. ನೂರಕ್ಕೆ 50 ಎಂದರೆ ಸರಾಸರಿ. ಅರ್ಧದಷ್ಟು ಜೋಡಿಗಳನ್ನು ಫೈನಲಿಗೆ ತೆಗೆದುಕೊಂಡರೆ ಕತ್ತರಿ ಬೀಳುವುದು ಆ 50ರ ಆಸುಪಾಸಿನಲ್ಲೇ. ಆದ್ದರಿಂದ ಹೊಸಬ ಅರ್ಹತಾ ಸುತ್ತಿನಲ್ಲಿ ಪವಾಡ ಮಾಡಬೇಕಾಗಿಲ್ಲ. ಸೊನ್ನೆಗಳನ್ನು ತಪ್ಪಿಸಿದರೆ ಸಾಕು.

ಅರ್ಧ ನಿಮಿಷ

ಮೊದಲ ದೊಡ್ಡ ಸ್ಪರ್ಧೆಗೆ ಕಾಕಾ ಮತ್ತು ನಾನು ಹೋದಾಗ ಅಲ್ಲಿ 32 ಜೋಡಿ. ಫೈನಲಿಗೆ 16. ಅರ್ಹತಾ ಸುತ್ತು ಮುಗಿಯುತ್ತ ಬಂದಿತ್ತು, ಮಧ್ಯದ ಪಟ್ಟಿಯಲ್ಲಿ ನಾವು ಹದಿಮೂರನೆಯವರು.

ಒಂದು ಬೋರ್ಡು. ಕಾಕಾ 'ಒಂದು ಸ್ಪೇಡ್' ಇಟ್ಟರು. ಎದುರಾಳಿ 'ಎರಡು ಹಾರ್ಟ್'. ನನ್ನ ಕೈಯಲ್ಲಿ ಏಳು ಅಂಕ, ಮೂರು ಇಸ್ಪೀಟು. 'ಎರಡು ಸ್ಪೇಡ್' ಇಟ್ಟೆ. ಮತ್ತೊಬ್ಬ ಎದುರಾಳಿ 'ನಾಲ್ಕು ಹಾರ್ಟ್'ಗೆ ಹಾರಿದರು. ಈಗ ಕಾಕಾ ಸರದಿ. ಅವರು ಎಲೆ ನೋಡಿದರು, ಚೀಟಿ ಪೆಟ್ಟಿಗೆಗೆ ಕೈಹಾಕಿದರು, ಕೈ ತೆಗೆದರು, ಮತ್ತೆ ಎಲೆ ನೋಡಿದರು. ಹೆಚ್ಚುಕಡಿಮೆ ಅರ್ಧ ನಿಮಿಷ. ಕೊನೆಗೆ 'ಪಾಸ್'. ಮುಂದಿನವರೂ ಪಾಸ್. ನಾನು 'ನಾಲ್ಕು ಸ್ಪೇಡ್' ಇಟ್ಟೆ.

ಅವರು ಡಬಲ್ ಮಾಡಿದರು, ನಾವು ಒಂದು ಟ್ರಿಕ್ಕಿನಿಂದ ಸೋತು 100 ಕೊಟ್ಟೆವು. ಅವರನ್ನು ಆಡಲು ಬಿಟ್ಟಿದ್ದರೆ ನಾಲ್ಕು ಹಾರ್ಟ್ ಆಗುತ್ತಿತ್ತು, 620 ಹೋಗುತ್ತಿತ್ತು. ಅಂದರೆ ನಮಗೆ ಬಂಪರ್ ಬೋರ್ಡು. ನಾನು ಒಳಗೊಳಗೇ ಹಿಗ್ಗುತ್ತಿರುವಾಗ ಎದುರಾಳಿ ಶಾಂತವಾಗಿ "ಡೈರೆಕ್ಟರ್" ಎಂದು ಕರೆದರು.

ಡೈರೆಕ್ಟರ್ ಬಂದು ಎಲ್ಲರನ್ನೂ ಕೇಳಿದರು. ವಿಚಾರಣೆಯ ಕೊನೆಗೆ ಬೋರ್ಡಿನ ಫಲಿತಾಂಶವನ್ನು ಬದಲಿಸಿ ಎದುರಾಳಿಗಳಿಗೆ 620 ಬರೆದರು. ನನ್ನ ಕಿವಿ ಬಿಸಿಯಾಯಿತು. ಮೋಸಗಾರ ಎನ್ನುತ್ತಿದ್ದಾರೆ ಎಂದೇ ತಿಳಿದೆ. "ಐ ನೋ ಚೀಟ್" ಎಂದೇನೋ ತೊದಲಿದೆ. ಹದಿನಾರನೆಯ ಶಬ್ದ ಬೇಕಾದಾಗ ನನ್ನ ಹತ್ತಿರ ಇರಲಿಲ್ಲ.

ಡೈರೆಕ್ಟರ್ ಸಿಟ್ಟಾಗಲಿಲ್ಲ. ನಿಧಾನವಾಗಿ ಹಿಂದಿಯಲ್ಲಿ ವಿವರಿಸಿದರು. ಯೋಚಿಸುವುದು ತಪ್ಪಲ್ಲ, ನಿನ್ನ ಜೊತೆಗಾರ ಯೋಚಿಸಲಿ. ಆದರೆ ಅವರು ತಡಮಾಡಿ ಪಾಸ್ ಎಂದದ್ದರಿಂದ ಅವರ ಕೈ ಬರೇ ಪಾಸ್‌ಗಿಂತ ಗಟ್ಟಿ ಎಂಬ ಸುದ್ದಿ ನಿನಗೆ ಮುಟ್ಟಿತು. ಆ ಸುದ್ದಿ ಹರಾಜಿನ ಶಬ್ದಗಳಿಂದ ಬಂದದ್ದಲ್ಲ. ಏಳು ಅಂಕ, ಮೂರು ಎಲೆ, ಅದನ್ನು ನೀನು ಆಗಲೇ ಒಮ್ಮೆ ಹೇಳಿ ಆಗಿದೆ. ನಿನ್ನ ಜಾಗದಲ್ಲಿ ಹಲವರು ಪಾಸ್ ಮಾಡುತ್ತಾರೆ. ಹಾಗೆ ಎರಡು ದಾರಿ ಇದ್ದಾಗ ಆ ಮೌನ ತೋರಿಸಿದ ದಾರಿಯನ್ನು ನೀನು ಹಿಡಿಯಬಾರದು. ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ನಿಯಮ ಕೇಳುವುದಿಲ್ಲ. ಇದು ಶಿಕ್ಷೆ ಅಲ್ಲ, ಸರಿಪಡಿಸುವುದು.

ರೋಬಾಟು ಕಲಿಸಿದ ಎರಡನೆಯ ಕೆಟ್ಟ ಅಭ್ಯಾಸ ಇದೇ. ಅದರ ಬೇಗ ತಡಗಳಿಗೆ ಅರ್ಥವಿಲ್ಲ, ಅದು ಕೈಹಾಕಿ ಕೈ ತೆಗೆಯುವುದಿಲ್ಲ, ಕೆಮ್ಮುವುದಿಲ್ಲ. ಮನುಷ್ಯನ ಮೌನ ಮಾತಾಡುತ್ತದೆ ಎಂದೂ, ಅದನ್ನು ಕೇಳಿಯೂ ಕೇಳದವನಂತೆ ಇರಬೇಕು ಎಂದೂ ಎಂಟು ತಿಂಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಅಲ್ಲಿ ಯಾರೂ ಇರಲೇ ಇಲ್ಲವಲ್ಲ.

ಸುತ್ತು ಮುಗಿದು ಪಟ್ಟಿ ಹಚ್ಚಿದಾಗ ನಾವು ಹದಿನೇಳನೆಯವರು.

ಸ್ಟೇಶನ್ನಿನವರೆಗೆ ಕಾಕಾ ಏನೂ ಮಾತಾಡಲಿಲ್ಲ. ನಾನು ಲೆಕ್ಕ ಹಾಕುತ್ತಿದ್ದೆ, ಸ್ಪರ್ಧೆಯದಲ್ಲ. ಇವರು ಇನ್ನು ನನ್ನನ್ನು ಇಟ್ಟುಕೊಳ್ಳುವರೋ ಇಲ್ಲವೋ, ಬಿಟ್ಟರೆ ಮತ್ತೆ ಮೂರು ಬುಧವಾರ ಯಾರ ಹಿಂದೆ ಕೂರಲಿ ಎಂದು. ಗಾಡಿ ಬಂದಾಗ ಅವರು, "ತಡಮಾಡಿದ್ದು ನಾನು. ನಿನ್ನ ಕೈ ಕಟ್ಟಿಹಾಕಿದವನು ನಾನು. ಬುಧವಾರ ಐದೂವರೆಗೆ ಬಾ" ಎಂದು ಹೇಳಿ ಸೀನಿಯರ್ ಡಬ್ಬಿಯ ಕಡೆ ನಡೆದರು.

ಆಮೇಲಿನ ಒಂದು ಸ್ಪರ್ಧೆಯಲ್ಲಿ ಹನ್ನೊಂದನೆಯವರಾಗಿ ಫೈನಲಿಗೆ ಹೋದೆವು. ಫೈನಲಿನಲ್ಲಿ ಕೊನೆಯಿಂದ ಎರಡನೆಯ ಸ್ಥಾನ. ಅಪ್ಪನಿಗೆ ಮೊದಲಿನ ಭಾಗ ಮಾತ್ರ ಹೇಳಿದೆ.

ಹೊಸಬರಿಗೆ ನಾಲ್ಕು ಮಾತು

ಒಂದು: ಎಲೆ ಎಣಿಸುವುದು, ಸಂಭವನೀಯತೆ, ಕೂಗಿನ ಅರ್ಥಗಳು, ಇವನ್ನು ಒಬ್ಬನೇ ಕಲಿಯಿರಿ. ಆದರೆ ಎಂಟು ತಿಂಗಳು ಬೇಡ, ಎರಡು ತಿಂಗಳು ಸಾಕು. ಉಳಿದದ್ದು ಮೇಜಿನಲ್ಲೇ ಸಿಗುವಂಥದು.

ಎರಡು: ಜೊತೆಗಾರ ಸಿಕ್ಕಿದ ಮೇಲೆ ಹೋಗುತ್ತೇನೆ ಎನ್ನಬೇಡಿ. ಹೋದರೇ ಸಿಗುವುದು. ಮೊದಲು ನೋಡಲು ಹೋಗಿ. ಒಂಟಿಯಾಗಿದ್ದೇನೆ, ಯಾರಾದರೂ ತಪ್ಪಿದರೆ ಕರೆಯಿರಿ ಎಂದು ಡೈರೆಕ್ಟರಿಗೆ ಹೇಳಿಟ್ಟಿರಿ. ಒಂದು ಬಾಗಿಲಲ್ಲಿ ಮುಖ ಮುರಿದರೆ ಇನ್ನೊಂದು ಬಾಗಿಲಿದೆ.

ಮೂರು: ರಾಜ್ಯದ ಬ್ರಿಜ್ ಸಂಘದ ಮೂಲಕ ಭಾರತದ ಬ್ರಿಜ್ ಫೆಡರೇಶನ್ನಿನಲ್ಲಿ ಹೆಸರು ದಾಖಲಿಸಿಕೊಳ್ಳಿ. ಆಗ ಸ್ಪರ್ಧೆಗಳಲ್ಲಿ ಗಳಿಸಿದ ಮಾಸ್ಟರ್‌ಪಾಯಿಂಟುಗಳು ನಿಮ್ಮ ಖಾತೆಗೆ ಜಮೆಯಾಗುತ್ತವೆ. ಈ ಖಾತೆಯಲ್ಲಿ ಜಮೆ ಮಾತ್ರ, ಖರ್ಚು ಬೀಳುವುದಿಲ್ಲ. ನಮ್ಮ ವಯಸ್ಸಿನವರಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ 26ರೊಳಗಿನವರದು, 21ರೊಳಗಿನವರದು ಎಂದು ಬೇರೆ ವಿಭಾಗಗಳೂ ಇವೆ.

ನಾಲ್ಕು: ಜೊತೆಗಾರನನ್ನು ಬದಲಿಸುತ್ತ ಹೋಗಬೇಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಮೊದಲ ಬಾರಿಗೆ ಪದಕದ ಆಟವಾದಾಗ ಪುರುಷರ ಜೋಡಿ ವಿಭಾಗದ ಚಿನ್ನ ನಮ್ಮ ದೇಶಕ್ಕೇ ಬಂತು. ಗೆದ್ದವರು ಪಶ್ಚಿಮ ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಆಗ ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಗೇಮ್ಸ್‌ನಲ್ಲಿ ಪುರುಷರ ತಂಡಕ್ಕೆ ಬೆಳ್ಳಿ ಬಂತು. ಈ ಆಟದಲ್ಲಿ ಅವಸರ ಪಡುವ ಕಾರಣವೇ ಇಲ್ಲ. ಇಪ್ಪತ್ತರ ನನಗೆ ಇನ್ನೂ ನಾಲ್ವತ್ತು ವರ್ಷ ಇದೆ.

ಕೊನೆಗೆ ಒಂದು ಬಿನ್ನಹ. ಶನಿವಾರ ಮಧ್ಯಾಹ್ನ ಪಾಠಗಳು ಮುಗಿದ ಮೇಲೆ ಸಂಘದ ಕೋಣೆ ಖಾಲಿಯಿರುತ್ತದೆ. ನಾನು ಎಲೆ ತರುತ್ತೇನೆ. ಸಂಪಾದಕರು, ಈ ಲೇಖನ ಓದಿದ ತಪ್ಪಿಗೆ, ಆಗಲೇ ಒಪ್ಪಿಕೊಂಡಿದ್ದಾರೆ. ಅಲ್ಲಿಗೆ ಇಬ್ಬರಾದೆವು. ಇನ್ನಿಬ್ಬರು ಬೇಕು. ಪಾರ್ಟ್ನರ್ ಎಲ್ಲಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.